ದಾರದಣ್ಣನ ಸೂರು

ನನಗೆ ಕೋಪ ಮೂಗಿನ ತುದೀಲೇ ಇರುತ್ತೆ, ಮೊದಲೇ ಹೇಳಿಬಿಡ್ತೀನಿ. ಯಜಮಾನರು ಹೋದ ಮೇಲೆ ಎಂಟು ವರ್ಷದಿಂದ ಈ ಹೆಂಚು, ಶೀಟಿನ ಅಂಗಡೀನ ಒಬ್ಬಳೇ ನಡೆಸ್ತಿದ್ದೀನಿ. ಬಾಯಿ ಜೋರಿಲ್ಲದೇ ಹೋಗಿದ್ದರೆ ಲಾರಿಯವರೂ ಮೇಸ್ತ್ರಿಗಳೂ ಸೇರಿ ಯಾವತ್ತೋ ನನ್ನನ್ನ ಮೂಲೆಗೆ ಕೂರಿಸಿಬಿಡ್ತಿದ್ದರು. ಗಿರಾಕಿ ಬಂದ ಹತ್ತು ನಿಮಿಷದಲ್ಲಿ ಏನು ಬೇಕು ಅಂತ ಹೇಳಬೇಕು, ಇಲ್ಲ ಜಾಗ ಖಾಲಿ ಮಾಡಬೇಕು. ಅಂಥ ನನ್ನ ಅಂಗಡೀಲಿ ಒಬ್ಬ ಮನುಷ್ಯ ಏಳು ವಾರ ಒಂದೇ ಒಂದು ಶೀಟೂ ಕೊಳ್ಳದೆ ಕೂತಿದ್ದರು ಅಂದ್ರೆ ನಂಬ್ತೀರಾ?

ಅವರು ನಮ್ಮ ರಸ್ತೆಯ ರಫೂಗಾರರು. ರಫೂ ಅಂದ್ರೆ ಗೊತ್ತಲ್ಲ, ಒಳ್ಳೇ ಬಟ್ಟೆ ಸುಟ್ಟರೆ, ಇಲಿ ಕಡಿದರೆ, ಮೊಳೆಗೆ ಸಿಕ್ಕಿ ಹರಿದರೆ, ಎಳೆಗೆ ಎಳೆ ಸೇರಿಸಿ ನೇಯ್ದು ತೂತು ಮುಚ್ಚೋದು. ಬ್ಯಾಂಕಿನ ಪಕ್ಕದ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ದೀಪ, ಒಂದು ಭೂತಗನ್ನಡಿ, ಅಷ್ಟೇ ಅವರ ಅಂಗಡಿ. ಎಲ್ಲರೂ ದಾರದಣ್ಣ ಅಂತಾರೆ. ಅರವತ್ತು ದಾಟಿದೆ, ತೆಳ್ಳಗಿದ್ದಾರೆ, ಅಂಗಿಯ ಕಾಲರಿನಲ್ಲಿ ಯಾವಾಗಲೂ ಎರಡು ಸೂಜಿ ಚುಚ್ಚಿಕೊಂಡಿರುತ್ತವೆ. ಮನುಷ್ಯರ ಮುಖ ಅವರಿಗೆ ನೆನಪಿರಲ್ಲ, ತೂತು ನೆನಪಿರುತ್ತೆ. ಅಂಗಡಿಗೆ ಬಂದು ನನ್ನನ್ನ ನೋಡಿದ ತಕ್ಷಣ ಹೇಳಿದ ಮೊದಲ ಮಾತೇ ಅದು.

"ಯಜಮಾನರ ಬೂದು ಕೋಟು ಅಲ್ವಾ ಅಮ್ಮ? ಎಡಗೈ ಮೊಣಕೈ ಹತ್ರ ಸಿಗರೇಟು ಸುಟ್ಟಿದ್ದು?"

"ಆ ಸಿಗರೇಟೇ ಅವರನ್ನ ತಿಂದಿದ್ದು ಅಣ್ಣ. ಕೋಟು ಮಾತ್ರ ಗಟ್ಟಿಯಾಗಿದೆ, ಬೀರುವಿನಲ್ಲಿ" ಅಂದೆ. ಹದಿನೈದು ವರ್ಷದ ಹಿಂದೆ ಅವರು ಮುಚ್ಚಿಕೊಟ್ಟ ತೂತು. ಎಲ್ಲಿತ್ತು ಅಂತ ನಮ್ಮೆಜಮಾನರಿಗೇ ಆಮೇಲೆ ಹುಡುಕೋಕೆ ಆಗಿರಲಿಲ್ಲ.

ಬೇಸಿಗೆ ಶುರುವಾದ ಹೊಸದು. ಮಧ್ಯಾಹ್ನ ನಾಲ್ಕು ಗಂಟೆ. ಮನೆಯ ಹೆಂಚಿನ ಸೂರು ಹಳೇದಾಗಿದೆ, ಹೆಂಚು ಹೊರೋ ಒಂದು ಜಂತೆ ಬಿರುಕು ಬಿಟ್ಟಿದೆ, ಮಳೆಗಾಲ ತಡೆಯಲ್ಲ ಅಂತ ಮೇಸ್ತ್ರಿ ಹೇಳಿದಾನೆ, ಏನೇನಿದೆ ತೋರಿಸಿ ಅಂದರು. ನಾನು ಗಡಗಡ ಅಂತ ಹೇಳಿಬಿಟ್ಟೆ. ಇದು ಸಿಮೆಂಟ್ ಶೀಟು, ಅಗ್ಗ, ಆದರೆ ಮೇಲೇನಾದ್ರೂ ಬಿದ್ದರೆ ಟಪ್ ಅಂತ ಸೀಳುತ್ತೆ. ಇದು ಬಣ್ಣದ ತಗಡು, ಹಗುರ, ಆದರೆ ಬಿಸಿಲಿಗೆ ಕಾಯುತ್ತೆ, ಮಳೆ ಬಂದರೆ ತಲೆ ಮೇಲೆ ಡೋಲು ಬಾರಿಸಿದ ಹಾಗೆ. ಇದೇ ತಗಡಿಗೆ ಕೆಳಗೆ ಮೆತ್ತನೆ ಪದರ ಅಂಟಿಸಿರೋದು ಇಲ್ಲಿದೆ, ಕಾವೂ ಕಮ್ಮಿ, ಸದ್ದೂ ಕಮ್ಮಿ. ಇದು ಹೊಸ ಹೆಂಚು, ತಂಪಾಗಿರುತ್ತೆ, ಆದರೆ ಭಾರ, ಜಂತೆಯಿಂದ ಹಿಡಿದು ಎಲ್ಲ ಮರವೂ ಹೊಸದಾಗಬೇಕು. ಕಾಂಕ್ರೀಟಿನ ಮಾತು ಎತ್ತಲೇಬೇಡಿ, ಮಣ್ಣಿನ ಗೋಡೆ ಹೊರಲ್ಲ.

ಬೇರೆ ಗಿರಾಕಿಗಳು ಶೀಟಿನ ಮೇಲ್ಭಾಗ ನೋಡ್ತಾರೆ, ಬಣ್ಣ ನೋಡ್ತಾರೆ. ಇವರು ಒಂದೊಂದು ತುಂಡನ್ನೂ ಮಗುಚಿ ಕೆಳಗಿನ ಬದಿ ನೋಡಿದರು. ಹೆಬ್ಬೆಟ್ಟು, ತೋರುಬೆರಳಿನ ನಡುವೆ ಅಂಚು ಹಿಡಿದು, ಬಟ್ಟೆ ನೋಡೋ ಹಾಗೆ ಉಜ್ಜಿ ನೋಡಿದರು.

"ಮಲಗಿದವರಿಗೆ ಕಾಣೋದು ಈ ಬದಿ ಅಲ್ವಾ ಅಮ್ಮ?"

"ಹೌದಣ್ಣ, ಯಾವುದು ಹಾಕಲಿ?"

"ಇವತ್ತು ಗೊತ್ತಾಗ್ತಿಲ್ಲ. ನಾಳೆ ಬಂದು ನೋಡ್ತೀನಿ."

ಬಂದರು. ಮರುದಿನವೂ ಬಂದರು, ಅದರ ಮರುದಿನವೂ. ನಾಲ್ಕಕ್ಕೆ ಸರಿಯಾಗಿ ಬಂದು ಮೊಳೆ ಡಬ್ಬಗಳ ಪಕ್ಕದ ಸ್ಟೂಲಿನ ಮೇಲೆ ಕೂರೋರು. ಒಂದು ದಿನ ಇಟ್ಟಿಗೆ ಬಣ್ಣ ಜಾಸ್ತಿ ಕೆಂಪು. ಇನ್ನೊಂದು ದಿನ ಹಸಿರು ಆಸ್ಪತ್ರೆ ಥರ. ಮತ್ತೊಂದು ದಿನ ಎರಡು ತುಂಡು ಮನೆಗೆ ಒಯ್ದು, ಅದರ ಮೇಲೆ ಚೊಂಬಿನಿಂದ ನೀರು ಸುರಿದು ಸದ್ದು ಕೇಳಿ ಬಂದು, "ಇದು ಸಿಟ್ಟಾದವರ ಥರ ಮಾತಾಡುತ್ತೆ" ಅಂದರು.

"ಹಾಗಾದ್ರೆ ನನ್ನ ಥರ ಅನ್ನಿ" ಅಂದೆ.

"ಇಲ್ಲಮ್ಮ, ನೀವು ಬೈದರೆ ಇಲ್ಲಿ ಯಾರೋ ಇದ್ದಾರೆ ಅನ್ಸುತ್ತೆ" ಅಂದರು. ನಗ್ತಿರಲಿಲ್ಲ.

ನಾನು ಬೈದೆ, ಸುಮ್ಮನಿರೋ ಜಾತಿ ನನ್ನದಲ್ಲ. ಅಣ್ಣ, ನೀವು ಹುಡುಕ್ತಿರೋದು ಸೂರೋ ಸೊಸೆಯೋ ಅಂತ ಕೇಳಿದೆ. ತಲೆ ತಿನ್ನಬೇಡಿ ಅಂದೆ. ಲೋಡು ಇಳಿಸೋ ಹೊತ್ತಿನಲ್ಲಿ ಸ್ಟೂಲು ಎತ್ತಿ ಬೇಕಂತಲೇ ಆಚೆ ಇಟ್ಟೆ. ಅವರು ಆಚೆ ಹೋಗಿ ಅದರ ಮೇಲೆ ಕೂತರು. ಆದರೆ ಯಾವಾಗಿನಿಂದಲೋ ಗೊತ್ತಿಲ್ಲ, ನಾಲ್ಕು ಗಂಟೆಗೆ ಟೀ ಹೇಳುವಾಗ ನನ್ನ ಬಾಯಲ್ಲಿ "ಎರಡು" ಅಂತ ಬರೋಕೆ ಶುರುವಾಗಿತ್ತು. ಸಂಜೆ ಆರಕ್ಕೆ ನಾನು ಷಟರ್ ಎಳೆಯೋವರೆಗೂ ಕೂತಿದ್ದು, "ಹಾಗಾದ್ರೆ ಹೊರಡ್ಲಾ?" ಅನ್ನೋರು. ನಾನು ಹೂಂ ಅಂದ ಮೇಲೂ ಇನ್ನೊಂದು ಸಲ, "ಹೊರಡ್ತೀನಿ ಹಾಗಾದ್ರೆ."

ಏಳನೇ ವಾರದಲ್ಲಿ ಮೋಡ ಕಟ್ಟಿತು. ನನಗೆ ತಡೆಯೋಕಾಗಲಿಲ್ಲ.

"ಅಣ್ಣ, ಈ ಸಲ ಮಳೆ ಬಂದು ಜಂತೆ ತಲೆ ಮೇಲೆ ಬಿದ್ದರೆ ಆ ಪಾಪ ನನಗೆ ಸುತ್ತಿಕೊಳ್ಳುತ್ತೆ. ಏಳಿ, ಅಳತೆ ತಗೊಂಡು ಬರೋಣ" ಅಂತ ಮೇಸ್ತ್ರೀನ ಕರಕೊಂಡು, ಟೇಪು ಹಿಡಕೊಂಡು ಅವರ ಹಿಂದೇನೇ ನಡೆದೆ.

ರಸ್ತೆಯಿಂದ ನೋಡಿದರೆ ಮನೆಗೆ ಏನೂ ಆಗಿಲ್ಲ. ಮುಂದಿನ ಸಾಲಿನ ಹೆಂಚುಗಳು ಒಂದಕ್ಕೊಂದು ಹೊಂದಿಕೊಂಡು, ಒಂದು ಬಿರುಕಿಲ್ಲದೆ, ಒಂದೇ ಬಣ್ಣದಲ್ಲಿ ಕೂತಿದ್ದವು. ಇದಕ್ಕೆ ಈ ಮನುಷ್ಯ ನನ್ನ ಏಳು ವಾರ ತಿಂದರಾ ಅಂತ ರೇಗಿತು. ಒಳಗೆ ಹೋದೆ. ಮುಂದಿನ ಕೋಣೆ ಚೊಕ್ಕವಾಗಿತ್ತು. ಎಡಕ್ಕೆ ಒಂದು ಕೋಣೆ, ಅದಂತೂ ಇನ್ನೂ ಚೊಕ್ಕ. ಒಬ್ಬರು ಮಲಗೋ ಮಂಚ, ಮಡಚಿಟ್ಟ ಹೊದಿಕೆ, ಗೂಟಕ್ಕೆ ನೇತುಹಾಕಿದ ನೀಲಿ ಸೀರೆ, ಕಿಟಕಿ ಹತ್ತಿರ ಬಾಚಣಿಗೆ. ಸೂರಿನಲ್ಲಿ ಒಂದು ಗಾಜಿನ ಹೆಂಚು, ಅದರಿಂದ ಮಂಚದ ಮೇಲೆ ಚೌಕದ ಬೆಳಕು. ಹಿಂದಕ್ಕೆ ಹೋದೆವು, ಅಡುಗೆಮನೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿತ್ತು. ಅದರಾಚೆಯ ಕೋಣೆಗೆ ಕಾಲಿಟ್ಟು ತಲೆ ಎತ್ತಿದರೆ ಅಯ್ಯೋ ದೇವರೇ, ಬರೀ ಆಕಾಶ. ಹೆಂಚೇ ಇಲ್ಲ. ರೀಪಿನ ಅಸ್ಥಿಪಂಜರ, ಅದರ ಮೇಲೆ ಎರಡು ಗುಬ್ಬಿ. ನೆಲದ ತುಂಬ ಪಾತ್ರೆಗಳು, ತಪ್ಪಲೆ, ಬಕೆಟ್ಟು, ಒಂದು ಹಳೇ ಡಬ್ಬ. ಮೂಲೆಯಲ್ಲಿ, ಕೊಡೆಯ ಕೆಳಗೆ, ಸುತ್ತಿಟ್ಟ ಹಾಸಿಗೆ.

"ಇಲ್ಲಿ ಯಾರು ಮಲಗ್ತಾರೆ?" ಅಂದೆ.

"ನಾನೇ ಅಮ್ಮ."

"ಹೆಂಚು ಎಲ್ಲಿ ಹೋದವು?"

ದಾರದಣ್ಣ ಮುಂದಿನ ಕೋಣೆ ಕಡೆ ಕೈ ತೋರಿಸಿದರು. ಆಮೇಲೆ ತಮ್ಮ ಅಂಗಿಯ ತುದಿ ಮಗುಚಿ, ಒಳಗೆ ಮಡಚಿದ ಅಂಚು ತೋರಿಸಿದರು. ರಫೂ ಮಾಡೋವಾಗ ಹೊರಗಿನ ದಾರ ತರೋ ಹಾಗಿಲ್ಲವಂತೆ, ಬಣ್ಣ ಬೇರೆ ಆಗುತ್ತೆ, ಕಣ್ಣಿಗೆ ಹೊಡೆಯುತ್ತೆ. ಅದೇ ಬಟ್ಟೆಯಲ್ಲಿ ಯಾರೂ ನೋಡದ ಜಾಗದಿಂದ, ಒಳಮಡಿಕೆಯಿಂದ, ಎಳೆ ಕಿತ್ತು ಕಾಣೋ ತೂತಿಗೆ ತುಂಬಬೇಕು. ಅವರು ಮನೆಗೂ ಅದನ್ನೇ ಮಾಡಿದ್ದರು. ಮುಂದೆ ಒಂದು ಹೆಂಚು ಒಡೆದರೆ ಹಿಂದಿನಿಂದ ಒಂದು ತಂದು ಹಾಕೋದು. ಎಡಗಡೆ ಕೋಣೆಯದು ಸೀಳಿದರೆ ತಮ್ಮ ತಲೆ ಮೇಲಿಂದು ಕಿತ್ತು ಕೂರಿಸೋದು. ಹನ್ನೆರಡು ವರ್ಷ ಹೀಗೇ ಮಾಡಿ ಮಾಡಿ ತಾವು ಮಲಗೋ ಜಾಗದಲ್ಲಿ ಒಂದು ಹೆಂಚೂ ಉಳಿದಿರಲಿಲ್ಲ.

ಮೇಸ್ತ್ರಿ ಬಾಯಿ ಮುಚ್ಚಿಕೊಂಡು ನಕ್ಕ. ನಾನು ಅವನನ್ನ ಅಳತೆಗೆ ಅಂತ ಏಣಿ ಹತ್ತಿಸಿದೆ.

"ಎಡಗಡೆ ಕೋಣೆ ಯಾರದು ಅಣ್ಣ?"

"ನಮ್ಮವಳದು."

ಅತ್ತಿಗೆ ಇದ್ದಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಆರು ವರ್ಷವಾಯಿತಂತೆ ತಂಗಿ ಮನೆಗೆ ಹೋಗಿ, ಬಸ್ಸಲ್ಲಿ ಐದು ಗಂಟೆ ದಾರಿ. ಮಕ್ಕಳಿಲ್ಲ. ಹೊಸ ಸೂರು ಹಾಕಿಸಿ, ಹೊಸ ಸೂರು ಹಾಕಿಸಿ ಅಂತ ಅವರು ಮದುವೆಯಾದಾಗಿನಿಂದ ಕೇಳ್ತಾನೇ ಇದ್ದರು. ಇವರು, ಇರು, ತೂತಿತ್ತು ಅಂತ ಗೊತ್ತೇ ಆಗದ ಹಾಗೆ ಮುಚ್ಚಿಕೊಡ್ತೀನಿ ಅನ್ನೋರು. ಒಂದು ಮಳೆಗಾಲದ ಬೆಳಿಗ್ಗೆ ಅತ್ತಿಗೆ ತಿಂಡಿ ತಟ್ಟೆ ಮುಂದೆ ಕೂತಿದ್ದಾಗ, ಒಂದು ನೆನೆದ ಹೆಂಚಿನ ಚೂರು ತಟ್ಟೆಗೇ ಬಿತ್ತು. ಅವರು ಕೂಗಾಡಲಿಲ್ಲವಂತೆ. ತಟ್ಟೆ ತೊಳೆದಿಟ್ಟು, ಚೀಲ ತುಂಬಿಕೊಂಡು, ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದರಂತೆ.

"'ಹೊಸ ಸೂರು ಹಾಕಿಸಿದ ದಿನ ಹೇಳಿ ಕಳಿಸಿ, ಬರ್ತೀನಿ' ಅಂದಳು ಅಮ್ಮ."

ನನಗೆ ಸಿಟ್ಟು ಬಂತು.

"ಹಾಗಾದ್ರೆ ಇನ್ನೇನು ಕಾಯ್ತಿದ್ದೀರಿ? ಏಳು ವಾರ ನನ್ನ ಸ್ಟೂಲು ಸವೆಸೋ ಬದಲು ಸೂರು ಹಾಕಿಸಿದ್ದಿದ್ರೆ ಅತ್ತಿಗೆ ಇಷ್ಟೊತ್ತಿಗೆ ಬಂದು ನಿಮಗೆ ಟೀ ಮಾಡಿಕೊಡ್ತಿದ್ರು!"

"ಇನ್ನೊಂದು ನಾಲ್ಕು ದಿನ ನೋಡೋಣ" ಅಂದರು. "ಬಣ್ಣ ಇನ್ನೂ..."

"ಬಣ್ಣ ಹಾಳಾಗಿ ಹೋಗ್ಲಿ! ಮೇಸ್ತ್ರೀ, ಅಳತೆ ಬರಕೊಳ್ಳಪ್ಪ. ಮಣ್ಣಿನ ಬಣ್ಣದ ಶೀಟು, ಕೆಳಗೆ ಮೆತ್ತನೆ ಪದರ ಇರೋದು, ಇಡೀ ಮನೆಗೆ. ಅತ್ತಿಗೆ ಕೋಣೆಗೆ ಬೆಳಕು ಬಿಡೋ ಶೀಟು ಒಂದು. ನಾಳೆ ಬೆಳಿಗ್ಗೆ ಕೆಲಸ ಶುರು."

ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗೋಡೆಗೆ ಒರಗಿ, ಕಾಲರಿನ ಸೂಜಿ ತೆಗೆದು ಮತ್ತೆ ಅಲ್ಲೇ ಚುಚ್ಚಿಕೊಂಡರು. ಮೌನ ಅಂದ್ರೆ ಒಪ್ಪಿಗೆ ಅಂದುಕೊಂಡೆ. ಎಷ್ಟು ಬುದ್ಧಿವಂತೆ ನೋಡಿ ನಾನು.

ನಾಲ್ಕು ದಿನದಲ್ಲಿ ಸೂರು ಎದ್ದಿತು. ನಾನೇ ದಿನಕ್ಕೆ ಎರಡು ಸಲ ಹೋಗಿ ನಿಂತು ಮಾಡಿಸಿದೆ, ಒಂದು ಸ್ಕ್ರೂ ಸೊಟ್ಟಗೆ ಕೂತಿದ್ದರೂ ಬಿಚ್ಚಿಸಿದೆ. ದಾರದಣ್ಣ ಕೆಲಸಕ್ಕೆ ಹೋಗದೆ ಅಂಗಳದಲ್ಲಿ ಕೂತು, ಇಳಿಸಿದ ಹೆಂಚುಗಳನ್ನ ಒಂದೊಂದಾಗಿ ಒರೆಸಿ ಜೋಡಿಸ್ತಿದ್ದರು. ಕೊನೆಯ ದಿನ ನಾನು ಒಳಗೆ ಹೋಗಿ ನೋಡಿದೆ. ಮನೆ ತಂಪಾಗಿತ್ತು, ಕೆಳಗಿನ ಬದಿ ಬಿಳಿಯಾಗಿ ನುಣುಪಾಗಿತ್ತು, ಮಂಚದ ಮೇಲೆ ಅದೇ ಜಾಗಕ್ಕೆ ಬೆಳಕು ಬೀಳ್ತಿತ್ತು. ನನಗಂತೂ ನನ್ನ ಮದುವೆಯಲ್ಲೂ ಅಷ್ಟು ಖುಷಿ ಆಗಿರಲಿಲ್ಲ.

"ಈಗ ಫೋನು ಮಾಡಿ ಅತ್ತಿಗೆಗೆ."

"ನೀವೇ ಮಾಡಿ ಅಮ್ಮ. ನನಗೆ ಗಂಟಲು ಸರಿಯಿಲ್ಲ."

ಅಂಗಡಿಗೆ ಬಂದೆವು. ನಾಲ್ಕು ಗಂಟೆ. ಅವರು ಸ್ಟೂಲಿನ ಮೇಲೆ ಕೂತರು, ನಾನು ಅವರು ಕೊಟ್ಟ ಚೀಟಿ ನೋಡಿ ಫೋನು ಒತ್ತಿದೆ, ಅವರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ. ತಂಗಿ ಎತ್ತಿದರು, ಆಮೇಲೆ ಅತ್ತಿಗೆ ಬಂದರು. ಸಣ್ಣ ದನಿ, ಒಳ್ಳೇ ದನಿ. ನಾನು ಯಾರು, ಏನು ಅಂತ ಹೇಳಿದೆ. ಹೊಸ ಸೂರು ಆಯ್ತು ಅತ್ತಿಗೆ ಅಂದೆ.

ಆ ಕಡೆ ಯಾವುದೋ ಮಗುವಿಗೆ ಇರು ಪುಟ್ಟ ಅಂದರು.

"ಯಾವ ಬಣ್ಣ?" ಅಂದರು.

"ಮಣ್ಣಿನ ಬಣ್ಣ."

"ಚೆನ್ನಾಗಿರುತ್ತೆ. ಸೋರಲ್ಲ ಅಲ್ವಾ?"

"ಒಂದು ಹನಿ ಸೋರಿದರೆ ನನ್ನ ಹೆಸರು ಬದಲಾಯಿಸ್ಕೊಳ್ತೀನಿ."

"ಸದ್ಯ, ಅವರು ನೆನೆಯಲ್ಲ ಇನ್ನು. ಪ್ರತಿ ಮಳೆಗೂ ಇಲ್ಲಿ ನನಗೆ ಅದೇ ಯೋಚನೆ ಆಗ್ತಿತ್ತು. ಒಳ್ಳೇದು ಮಾಡಿದಿರಿ ತಾಯಿ."

"ಮತ್ತೆ ಯಾವಾಗ ಬರ್ತೀರಿ?"

ಇದನ್ನ ನಾನು ಎಷ್ಟು ಸಲೀಸಾಗಿ ಕೇಳಿದೆ ಅಂದ್ರೆ, ಬಸ್ ಎಷ್ಟು ಗಂಟೆಗೆ ಅಂತ ಕೇಳೋ ಹಾಗೆ ಕೇಳಿದೆ.

"ಆರು ವರ್ಷ ಆಯ್ತಲ್ಲ ತಾಯಿ" ಅಂದರು ಅತ್ತಿಗೆ. "ಸಿಟ್ಟೇನೂ ಉಳಿದಿಲ್ಲ, ಅವರಿಗೆ ಹೇಳಿ. ಮೊದಲನೇ ವರ್ಷ ಹೇಳಿ ಕಳಿಸಿದ್ದಿದ್ರೆ ಓಡಿ ಬಂದಿರ್ತಿದ್ದೆ. ಎರಡನೇ ವರ್ಷವೂ ಕಾದೆ. ಈಗ ಇಲ್ಲಿ ತಂಗಿ ಮೊಮ್ಮಕ್ಕಳು ನನ್ನ ಪಕ್ಕ ಮಲಗದೆ ನಿದ್ದೆ ಮಾಡಲ್ಲ. ಅಭ್ಯಾಸ ಆಗೋಯ್ತು. ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡೋಕೆ ಹೇಳಿ."

ಫೋನಿಟ್ಟರು. ಟೀ ಬಂತು, ಎರಡು. ಅವರದು ಹಾಗೇ ಆರಿತು.

"ಸೋರ್ತಿದ್ದಾಗ ಚೆನ್ನಾಗಿತ್ತು ಅಮ್ಮ" ಅಂದರು ದಾರದಣ್ಣ ಕೊನೆಗೆ. ಬೇಜಾರಿಂದ ಅಲ್ಲ, ನನಗೆ ಏನೋ ವಿವರಿಸೋ ಹಾಗೆ ಹೇಳಿದರು. "ಯಾಕೆ ಬಂದಿಲ್ಲ ಅಂತ ಯಾರಾದ್ರೂ ಕೇಳಿದರೆ, ಸೂರು ಸರಿಯಿಲ್ಲ ಅಂತ ಹೇಳ್ತಿದ್ದೆ. ನನಗೆ ನಾನೇ ಕೇಳಿಕೊಂಡರೂ ಅದನ್ನೇ ಹೇಳ್ತಿದ್ದೆ. ಹಾಕಿಸಿದರೆ ಗೊತ್ತಾಗಿಬಿಡುತ್ತೆ ಅಂತ ಭಯ ಇತ್ತು. ಈಗ ಗೊತ್ತಾಯ್ತು."

ಆವತ್ತು ಆರು ಗಂಟೆಯವರೆಗೆ ಕೂರಲಿಲ್ಲ. "ಹೊರಡ್ತೀನಿ" ಅಂತ ಒಂದೇ ಸಲ ಹೇಳಿ ಎದ್ದು ಹೋದರು.

ಮರುದಿನ ನಾಲ್ಕು ಗಂಟೆಗೆ ನಾನು ಎರಡು ಟೀ ಹೇಳಿದೆ. ಅವರು ಬರಲಿಲ್ಲ. ಯಾಕೆ ಬರ್ತಾರೆ, ಅವರಿಗೆ ನನ್ನ ಅಂಗಡೀಲಿ ಇನ್ನೇನು ಕೆಲಸ? ಒಂದು ವಾರ ಆಯ್ತು, ಹತ್ತು ದಿನ ಆಯ್ತು. ಎರಡನೇ ಟೀಯನ್ನ ಒಂದು ದಿನ ಲಾರಿಯವನಿಗೆ ಕೊಟ್ಟೆ, ಉಳಿದ ದಿನ ಚೆಲ್ಲಿದೆ. ಬೇರೆ ಊರಿನಲ್ಲಿರೋ ನನ್ನ ಮಗಳು ಭಾನುವಾರ ಫೋನು ಮಾಡಿ ಏನಮ್ಮ ದನಿ ಹೀಗಿದೆ ಅಂದಳು. ಶೀತ ಅಂದೆ. ನಿಜ ಹೇಳ್ತೀನಿ, ಇಡೀ ದಿನ ಗಿರಾಕಿಗಳ ಮೇಲೆ ಬಾಯಿ ಮಾಡ್ತೀನಲ್ಲ, ಆದರೆ ಎಂಟು ವರ್ಷದಲ್ಲಿ ನನ್ನ ಜೊತೆ ಕೂತು ಮಾತಾಡಿದವರು ಅಂದ್ರೆ ಆ ಒಬ್ಬರೇ. ಅವರ ಏಳು ವಾರವನ್ನ ಮುಗಿಸಿ ಕೈತೊಳೆದುಕೊಂಡವಳು ನಾನೇ.

ಮಳೆ ಬಂದಿದ್ದು ಒಂದು ಮಂಗಳವಾರ ಮಧ್ಯಾಹ್ನ. ರಪರಪ ಅಂತ, ಎದುರಿನ ಅಂಗಡಿ ಕಾಣದಷ್ಟು. ಸ್ಕ್ರೂ ನೋಡಿ ಬರಬೇಕು ಅಂತ ನನಗೆ ನಾನೇ ಒಂದು ನೆವ ಹೇಳಿಕೊಂಡು, ಕೊಡೆ ಹಿಡಿದು ಹೊರಟೆ. ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯಲ್ಲಿ ಯಾರೂ ಇಲ್ಲ, ಎಡಗಡೆ ಕೋಣೆಯ ಹೊದಿಕೆ ಮಡಚಿದ್ದು ಮಡಚಿದ ಹಾಗೇ ಇತ್ತು. ಹಿಂದಿನ ಕೋಣೆಗೆ ಹೋದೆ.

ದಾರದಣ್ಣ ಹಾಸಿಗೆ ಮೇಲೆ, ಗೋಡೆಗೆ ಒರಗಿ ಕೂತಿದ್ದರು. ನೆಲದ ತುಂಬ ಪಾತ್ರೆಗಳನ್ನ ಇಟ್ಟಿದ್ದರು. ತಪ್ಪಲೆ, ಬಕೆಟ್ಟು, ಆ ಹಳೇ ಡಬ್ಬ, ಎಲ್ಲ ಮೊದಲಿನ ಜಾಗದಲ್ಲೇ. ಮೇಲೆ ನನ್ನ ಶೀಟು, ಒಂದು ಹನಿ ಇಳಿಯದ ಶೀಟು. ಪಾತ್ರೆಗಳೆಲ್ಲ ಒಣಗಿದ್ದವು.

"ಮಳೆ ಸದ್ದು ಕೇಳಿದ ತಕ್ಷಣ ಕೈ ತಾನಾಗೇ ಇಟ್ಟುಬಿಡ್ತು ಅಮ್ಮ" ಅಂದರು ನಾಚಿಕೊಂಡು. "ಇಟ್ಟ ಮೇಲೆ ತೆಗೆಯೋಕೆ ಮನಸ್ಸಾಗಲಿಲ್ಲ. ಮುಂಚೆ ಮಳೆ ಬಂದರೆ ಎದ್ದು ಓಡಾಡೋ ಕೆಲಸ ಇರ್ತಿತ್ತು. ಒಂದು ತುಂಬಿತು, ಒಂದು ಚೆಲ್ಲಬೇಕು. ಈಗ ಏನು ಮಾಡಬೇಕೋ ಗೊತ್ತಾಗ್ತಿಲ್ಲ."

ಸ್ಕ್ರೂ ನೋಡಿದೆ. ಮಳೆ ನಿಲ್ಲೋ ಮುಂಚೆಯೇ ಮನೆಗೆ ಬಂದು ಬೀರು ತೆಗೆದು, ನಮ್ಮೆಜಮಾನರ ಬೂದು ಕೋಟು ಹೊರಗೆ ಎಳೆದೆ. ಮೊಣಕೈ ಹತ್ತಿರ ಹುಡುಕಿದೆ, ಆ ತೂತು ಈಗಲೂ ಸಿಗಲಿಲ್ಲ. ಕಾಲರಿನ ಹಿಂದೆ ಮಾತ್ರ ಹುಳ ತಿಂದು ಹೊಸದಾಗಿ ಮೂರು ತೂತು ಮಾಡಿತ್ತು. ಎಂಟು ವರ್ಷದಲ್ಲಿ ನಾನು ಆ ಕೋಟು ಬಿಚ್ಚಿ ನೋಡಿದ್ದು ಅದೇ ಮೊದಲು. ಅಳು ಬಂತು, ಅತ್ತು ಮುಖ ತೊಳೆದುಕೊಂಡೆ.

ಮರುದಿನ ನಾಲ್ಕು ಗಂಟೆಗೆ ಅಂಗಡಿಯ ಷಟರ್ ಅರ್ಧ ಎಳೆದೆ. ಕೋಟನ್ನ ಪೇಪರಿನಲ್ಲಿ ಸುತ್ತಿಕೊಂಡು ಬ್ಯಾಂಕಿನ ಪಕ್ಕದ ಮೆಟ್ಟಿಲ ಕೆಳಗೆ ಹೋದೆ. ಅವರು ಭೂತಗನ್ನಡಿ ಪಕ್ಕಕ್ಕಿಟ್ಟು ಕೋಟು ಬಿಡಿಸಿದರು, ಮುಖಕ್ಕಿಂತ ಮುಂಚೆ ತೂತು ಗುರುತಿಸಿದರು. ಒಳಗಿನ ಮಡಿಕೆ ಮಗುಚಿ ನೋಡಿ ತಲೆ ಅಲ್ಲಾಡಿಸಿದರು.

"ಇಲ್ಲಿ ಎಳೆ ಉಳಿದಿಲ್ಲ ಅಮ್ಮ, ಹೋದ ಸಲವೇ ತೆಗೆದುಬಿಟ್ಟಿದ್ದೀನಿ. ಈ ಸಲ ಹೊರಗಿನ ದಾರವೇ ಆಗಬೇಕು." ಮೇಜಿನ ಖಾನೆ ಎಳೆದು ಬೂದು ಬಣ್ಣದ ಉಂಡೆಗಳನ್ನ ಸಾಲಾಗಿ ಇಟ್ಟರು, ಎಂಟೋ ಒಂಬತ್ತೋ, ಒಂದಕ್ಕಿಂತ ಒಂದು ಚೂರು ಬೇರೆ. "ಯಾವುದು ಹಾಕಲಿ?"

ಮೂರನೆಯದು ಅಂತ ನನಗೆ ಕಂಡ ತಕ್ಷಣ ಗೊತ್ತಾಗಿತ್ತು. ಮೇಜಿನ ಕೆಳಗೆ ಒಂದು ಸ್ಟೂಲಿತ್ತು, ಅದನ್ನ ಎಳೆದುಕೊಂಡು ಕೂತೆ. ಒಂದೊಂದು ಉಂಡೆಯನ್ನೂ ಎತ್ತಿ, ಹೆಬ್ಬೆಟ್ಟು ತೋರುಬೆರಳಿನ ನಡುವೆ ಉಜ್ಜಿ ನೋಡಿದೆ.

"ಇವತ್ತು ಗೊತ್ತಾಗ್ತಿಲ್ಲ ಅಣ್ಣ" ಅಂದೆ. "ನಾಳೆ ಬಂದು ನೋಡ್ತೀನಿ."